ಹೆರಿಗೆ ಕೋಣೆಗೆ ಒಬ್ಬರೇ

ಇಪ್ಪತ್ತೆರಡು ವರ್ಷ ಹೆರಿಗೆ ವಾರ್ಡಿನ ಬಾಗಿಲಲ್ಲಿ ನಿಂತಿದ್ದಕ್ಕೆ ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಬಾಗಿಲಮ್ಮ ಎಂದೇ ಕರೆಯುತ್ತಿದ್ದರು. ಕೆಲಸದ ಲೆಕ್ಕದಲ್ಲಿ ಅವಳು ಆಯಾ. ರಬ್ಬರ್ ಹಾಸು ತೊಳೆಯುವುದು, ಬಿಸಿನೀರು ತರುವುದು, ಬೇನೆ ತಿನ್ನುತ್ತಿರುವ ಹೆಂಗಸರನ್ನು ಕೈಹಿಡಿದು ಬಚ್ಚಲಿಗೆ ನಡೆಸುವುದು ಎಲ್ಲ ಅವಳದೇ. ಆದರೆ ಅವಳ ನಿಜವಾದ ಕೆಲಸ ಬಾಗಿಲಿನದು. ಒಳಗೆ ನಾಲ್ಕು ಮಂಚ, ನಡುವೆ ಮೂರು ಪರದೆ. ಹಾಗಾಗಿ ಗಂಡಸರಿಗೆ ಪ್ರವೇಶವಿಲ್ಲ. ಒಬ್ಬ ಬಸುರಿಯ ಜೊತೆ ಒಬ್ಬಳೇ ಹೆಂಗಸು. ಇದನ್ನು ದಪ್ಪ ಅಕ್ಷರದಲ್ಲಿ ಬರೆಸಿ ತೂಗುಹಾಕಿದ್ದರು. ಬೋರ್ಡು ಓದಿಕೊಂಡು ಬರುವ ನೆಂಟರು ಎಲ್ಲಿದ್ದಾರೆ? ಅಮ್ಮ, ಅತ್ತೆ, ಚಿಕ್ಕಮ್ಮ, ನಾದಿನಿ, ಪಕ್ಕದ ಮನೆಯವಳು ಎಲ್ಲರೂ ಒಟ್ಟಿಗೇ ನುಗ್ಗುತ್ತಿದ್ದರು. ಬಾಗಿಲ ಗಾಜಿಗೆ ಬಳಿದ ಬಿಳಿ ಬಣ್ಣವನ್ನು ಉಗುರಿನಿಂದ ಕೆರೆದು ಕೆರೆದು ಒಂದು ಕಣ್ಣು ಹಿಡಿಸುವಷ್ಟು ಕಿಂಡಿ ಮಾಡಿಟ್ಟಿದ್ದರು. ವರ್ಷಕ್ಕೊಮ್ಮೆ ಬಣ್ಣ ಬಳಿಸಿದರೂ ತಿಂಗಳೊಳಗೆ ಕಿಂಡಿ ಮತ್ತೆ ಹಾಜರು.

"ಒಳಗೆ ಹುಟ್ಟೋದು ಒಂದೇ ಮಗು. ಅದಕ್ಕೆ ಒಂಬತ್ತು ಜನ ಯಾಕೆ? ಎಲ್ಲರೂ ಸೇರಿ ಹಗ್ಗ ಎಳೀತೀರಾ?" ಎಂದು ಬಾಗಿಲಮ್ಮ ಗದರುತ್ತಿದ್ದಳು. ಹೊರಗೆ ಯಾರು ಹೋಗಬೇಕೆಂದು ಜಗಳ ಹತ್ತಿಕೊಂಡರೆ ಅವಳು ಅವರ ಮಾತನ್ನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಒಳಗೆ ಹೋಗಿ ಮಲಗಿದ್ದವಳ ಹತ್ತಿರ ಬಗ್ಗಿ, "ನಿನಗೆ ಯಾರು ಬೇಕು? ಹೆದರ್ಕೋಬೇಡ, ಹೇಳು" ಎಂದು ಕೇಳುತ್ತಿದ್ದಳು. ಅವಳು ಯಾರ ಹೆಸರು ಹೇಳಿದರೆ ಅವರೇ ಒಳಗೆ. ಉಳಿದವರು ಮುಖ ಊದಿಸಿಕೊಂಡರೂ ಸರಿ, ಶಾಪ ಹಾಕಿದರೂ ಸರಿ. ಒಬ್ಬ ಸೋದರತ್ತೆಯಂತೂ ಬಾಗಿಲಿಗೆ ಅಡ್ಡ ಮಲಗಿಬಿಟ್ಟಿದ್ದಳು. ಬಾಗಿಲಮ್ಮ ಅವಳ ತಲೆಯಡಿಗೆ ಒಂದು ದಿಂಬು ಕೊಟ್ಟು, ಅವಳನ್ನು ದಾಟಿಕೊಂಡೇ ಓಡಾಡಿದಳು.

ಈ ಹಟಕ್ಕೆ ಕಾರಣವಿತ್ತು. ಬಾಗಿಲಮ್ಮನ ಸ್ವಂತ ಹೆರಿಗೆ ಮನೆಯಲ್ಲೇ ಆಗಿತ್ತು. ಕೋಣೆಯಲ್ಲಿ ಏಳು ಜನ ಹೆಂಗಸರು. ಒಬ್ಬಳು ಕೂತ್ಕೋ ಎಂದರೆ ಇನ್ನೊಬ್ಬಳು ಮಲಗು ಎನ್ನುತ್ತಿದ್ದಳು. ಹೊಕ್ಕುಳ ಬಳ್ಳಿ ಕತ್ತರಿಸುವ ಮೊದಲೇ ಮಗುವಿನ ಮೂಗು ಯಾರ ಕಡೆಯದು ಎಂದು ವಾದಕ್ಕಿಳಿದಿದ್ದರು. ಹೆತ್ತವಳಿಗೆ ಒಂದು ಲೋಟ ನೀರು ಬೇಕೇ ಎಂದು ಆ ಏಳು ಬಾಯಲ್ಲಿ ಒಂದೂ ಕೇಳಲಿಲ್ಲ. ಮಗಳಿಗೆ ಐದು ತುಂಬುವಷ್ಟರಲ್ಲಿ ಗಂಡ ತೀರಿಕೊಂಡ. ಮರುವರ್ಷ ಬಾಗಿಲಮ್ಮ ಈ ಆಸ್ಪತ್ರೆಗೆ ಸೇರಿದಳು. ಮಗಳು ಶಾಲೆ ಬಿಟ್ಟ ಮೇಲೆ ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತು ಪಾಠ ಬರೆಯುತ್ತ, ಅಮ್ಮ ಜನರನ್ನು ಗದರುವುದನ್ನು ಕೇಳುತ್ತ ಬೆಳೆದಳು.

ಆ ಮಗಳೇ ಈಗ ಬಸುರಿ. ಎರಡು ಬೀದಿ ಆಚೆ ಗಂಡನ ಮನೆ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸ ಅವಳದು. ಕೂದಲೆಳೆಯಷ್ಟು ವ್ಯತ್ಯಾಸವಾದರೂ ಗಾಜನ್ನು ಪಕ್ಕಕ್ಕಿಟ್ಟು ಇನ್ನೊಂದನ್ನು ಕೈಗೆತ್ತಿಕೊಳ್ಳುವ ಸ್ವಭಾವ.

ಏಳು ತಿಂಗಳಾದಾಗ ಒಂದು ಭಾನುವಾರ ಬಾಗಿಲಮ್ಮ ಮಗಳ ಅಡುಗೆಮನೆಯಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದಳು. ಅಷ್ಟು ಹೊತ್ತಿಗೆ ಅವಳು ಎಲ್ಲ ವ್ಯವಸ್ಥೆ ಮಾಡಿ ಮುಗಿಸಿದ್ದಳು. ಕಿಟಕಿ ಪಕ್ಕದ ನಾಲ್ಕನೇ ಮಂಚ ಗಾಳಿ ಬೆಳಕಿಗೆ ಒಳ್ಳೆಯದೆಂದು ತೀರ್ಮಾನಿಸಿದ್ದಳು. ಹೆರಿಗೆಯ ದಿನ ತನ್ನ ಪಾಳಿಗೆ ಬೇರೆಯವಳನ್ನು ಹಾಕಬೇಕೆಂದು ದೊಡ್ಡ ಸಿಸ್ಟರಿಗೆ ಹೇಳಿಟ್ಟಿದ್ದಳು. ಹೊಸದೊಂದು ಹತ್ತಿಯ ಸೀರೆಯನ್ನೂ ತೆಗೆದಿಟ್ಟಿದ್ದಳು. ಆದರೂ ಅಭ್ಯಾಸಬಲದಿಂದ ಕೇಳಿದಳು.

"ಮತ್ತೆ, ಒಳಗೆ ಜೊತೇಲಿ ಯಾರನ್ನ ಕರ್ಕೋತೀಯ? ಫಾರಂನಲ್ಲಿ ಬರೀಬೇಕಲ್ಲ."

"ಅತ್ತೆನ" ಎಂದಳು ಮಗಳು.

"ಯಾವ ಅತ್ತೆ?"

"ನಂಗೆ ಎಷ್ಟು ಜನ ಅತ್ತೆ ಇದ್ದಾರಮ್ಮ?"

ಬಾಗಿಲಮ್ಮನ ಕೈಯಲ್ಲಿದ್ದ ಬಟಾಣಿ ಸಿಪ್ಪೆಯ ಬುಟ್ಟಿಗೆ ಬಿತ್ತು. ಬೀಗಿತ್ತಿ ಮೂವತ್ತು ವರ್ಷ ಮಗ್ಗದ ಕಾರ್ಖಾನೆಯಲ್ಲಿ ದುಡಿದವಳು. ಯಂತ್ರಗಳ ಸದ್ದಿಗೆ ಎರಡೂ ಕಿವಿ ಮುಕ್ಕಾಲುಪಾಲು ಹೋಗಿದ್ದವು. ಎದುರಿಗಿದ್ದವರ ತುಟಿ ನೋಡಿಕೊಂಡೇ ಮಾತು ಹಿಡಿಯುತ್ತಿದ್ದಳು. ಮಾತಾಡಿದರೆ ಮಾತ್ರ ಪಕ್ಕದ ಬೀದಿಗೂ ಕೇಳಿಸಬೇಕು, ಅಷ್ಟು ಗಟ್ಟಿ.

"ಆಕೆಗೆ ಕಿವಿ ಕೇಳಿಸಲ್ಲ ಕಣೇ!"

"ಅದಕ್ಕೇ. ನಾನೆಷ್ಟು ಕಿರುಚಿದ್ರೂ ಅವರಿಗೆ ತೊಂದ್ರೆ ಇಲ್ಲ" ಎಂದು ಮಗಳು ನಕ್ಕಳು. ಅಮ್ಮ ನಗಲಿಲ್ಲ.

"ತಮಾಷೆ ಸಾಕು. ನಾನು ಎಷ್ಟು ಹೆರಿಗೆ ನೋಡಿದೀನಿ ಗೊತ್ತಾ ನಿಂಗೆ? ಡಾಕ್ಟರು ಬರೋಕೆ ಮುಂಚೆ ನಾನು ಹೇಳ್ತೀನಿ, ಇನ್ನೆಷ್ಟು ಹೊತ್ತಿದೆ ಅಂತ."

"ಅದಕ್ಕೇ ಬೇಡ ಅಂತಿರೋದು. ನೀನು ಬಂದ್ರೆ ಅಮ್ಮ ಆಗಿ ಬರಲ್ಲ, ಆಯಾ ಆಗಿ ಬರ್ತೀಯ. ಕಾಲು ಹಾಗಿಡು, ಬಾಯಿ ಮುಚ್ಚು, ಸಿಸ್ಟರ್ ಹೇಳಿದ್ದು ಕೇಳಿಸಲಿಲ್ವಾ ಅಂತ ಶುರು ಮಾಡ್ತೀಯ. ಆ ಬೆಂಚಲ್ಲಿ ಕೂತು ಹತ್ತು ವರ್ಷ ಕೇಳಿದೀನಿ ನಾನು. ಅತ್ತೆ ಸುಮ್ನೆ ಕೂರ್ತಾರೆ. ನಾನು ಮಾತಾಡಿದ್ರೆ ನನ್ನ ಮುಖ ನೋಡ್ತಾರೆ. ನಂಗಷ್ಟು ಸಾಕು."

ಬಾಗಿಲಮ್ಮ ಬಟಾಣಿಯ ಪಾತ್ರೆಯನ್ನು ಕಟ್ಟೆಯ ಮೇಲೆ ಕುಕ್ಕಿ ಚಪ್ಪಲಿ ಮೆಟ್ಟಿದಳು. ಎರಡು ಬೀದಿ ನಡೆಯುವಷ್ಟರಲ್ಲಿ ಮೈಯೆಲ್ಲ ಉರಿದುಹೋಯಿತು. ಒಬ್ಬಳೇ ಸಾಕಿದ ಮಗಳು, ಅವಳ ಹೆರಿಗೆಗೆ ತಾನೇ ಹೊರಗಿನವಳೇ! ಯಾರ್‍ಯಾರದೋ ಮಕ್ಕಳನ್ನು ಮೊದಲು ಬಟ್ಟೆಯಲ್ಲಿ ಸುತ್ತಿದ ಕೈಗೆ ಸ್ವಂತ ಮೊಮ್ಮಗುವಿನ ಹತ್ತಿರ ಕೆಲಸವಿಲ್ಲವೇ!

ಸುಮ್ಮನಿರುವ ಜಾಯಮಾನ ಅವಳದಲ್ಲ. ಮಾರನೆಯ ದಿನ ಅಳಿಯನ ರಿಪೇರಿ ಅಂಗಡಿಗೆ ಹೋದಳು. ಅವನು ಒಂದು ಫ್ರಿಜ್ಜಿನ ಬೆನ್ನ ಹಿಂದೆ ಅಂಗಾತ ಮಲಗಿ ತಿರುಪು ಬಿಚ್ಚುತ್ತಿದ್ದ. ಎರಡು ಕಾಲು ಮಾತ್ರ ಕಾಣುತ್ತಿದ್ದವು.

"ನೀವಾದ್ರೂ ಅವಳಿಗೆ ಬುದ್ಧಿ ಹೇಳಿ" ಎಂದು ಬಾಗಿಲಮ್ಮ ಆ ಕಾಲುಗಳಿಗೆ ಹೇಳಿದಳು.

"ಅತ್ತೆ, ದಯವಿಟ್ಟು ನನ್ನನ್ನ ಇದರ ಮಧ್ಯೆ ಎಳೀಬೇಡಿ. ಒಂದು ಕಡೆ ನಮ್ಮಮ್ಮ, ಇನ್ನೊಂದು ಕಡೆ ನೀವು. ನಾನು ಏನು ಹೇಳಿದ್ರೂ ಯಾರಾದ್ರೊಬ್ಬರ ಕೈಲಿ ಬೈಸ್ಕೋತೀನಿ." ಕಾಲುಗಳು ಇನ್ನಷ್ಟು ಒಳಗೆ ಸರಿದವು.

ದೊಡ್ಡ ಸಿಸ್ಟರ್ ಹತ್ತಿರ ಹೋದರೆ ಅವರು ಬರೆಯುತ್ತಿದ್ದ ಚೀಟಿಯಿಂದ ತಲೆ ಎತ್ತಲಿಲ್ಲ. "ಹೆರೋಳು ಯಾರ ಹೆಸರು ಹೇಳ್ತಾಳೋ ಅವರೇ. ಈ ವಾರ್ಡಿಗೆ ಆ ರೂಲು ತಂದಿದ್ದೇ ನೀನು. ಈಗ ನನ್ನ ಹತ್ರ ಬಂದು ಮುರೀರಿ ಅಂತೀಯಲ್ಲ!"

"ಮುರೀರಿ ಅಂತ ಯಾರು ಹೇಳಿದ್ರು? ಸ್ವಲ್ಪ ಬಗ್ಗಿಸಿ ಅಂದೆ ಅಷ್ಟೆ."

"ಎರಡೂ ಒಂದೇ. ಹೋಗು, ಎರಡನೇ ಮಂಚಕ್ಕೆ ನೀರು ಬೇಕಂತೆ."

ಕೊನೆಗೆ ಅವಳು ಬೀಗಿತ್ತಿಯ ಎದುರಿಗೇ ಹೋಗಿ ಕೂತಳು. ಬಾಯಿಮಾತಿಗೆ ಬಂದರೆ ತಾನೇ ಗೆಲ್ಲುವುದು ಎಂಬ ಧೈರ್ಯ. ಬೀಗಿತ್ತಿ ಕಿಟಕಿ ಹತ್ತಿರ ಅಕ್ಕಿ ಆರಿಸುತ್ತಿದ್ದಳು. ಬಾಗಿಲಮ್ಮ ತುಟಿ ಅಗಲಿಸಿ ನಿಧಾನವಾಗಿ, "ನಿಮಗೆ ಅಲ್ಲಿ ಕಷ್ಟ ಆಗುತ್ತೆ. ರಕ್ತ, ಕೂಗಾಟ. ಸುಮ್ನೆ ಯಾಕೆ?" ಎಂದಳು.

"ಹೌದು ಕಣಮ್ಮಾ!" ಎಂದು ಬೀಗಿತ್ತಿ ಕಿಟಕಿ ಅದುರುವ ಹಾಗೆ ಒಪ್ಪಿಕೊಂಡಳು. "ನಂಗೂ ಭಯಾನೇ. ಮೂರು ಹೆತ್ತಿದೀನಿ, ಮೂರಕ್ಕೂ ಕಣ್ಣು ಮುಚ್ಕೊಂಡೇ ಇದ್ದೆ. ನಿಮ್ಮಮ್ಮನೇ ಇರಲಿ ಬಿಡು ಅಂತ ನಾನೂ ಹೇಳ್ದೆ ಅವಳಿಗೆ. ಕೇಳಲಿಲ್ಲ. ಕೈ ಹಿಡ್ಕೊಂಡು ನೀವೇ ಬನ್ನಿ ಅಂದ್ಲು. ಅಷ್ಟು ಬಾಯಿ ಬಿಟ್ಟು ಕೇಳಿದ ಮೇಲೆ ಹೇಗಮ್ಮ ಇಲ್ಲ ಅನ್ನಲಿ?"

ಜಗಳ ಆಡಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಬೈಯೋಣವೆಂದರೆ ಬೈಯುವಂಥ ಒಂದು ಮಾತನ್ನೂ ಬೀಗಿತ್ತಿ ಆಡಿರಲಿಲ್ಲ. ಕೊಟ್ಟ ಚಹಾ ಕುಡಿದು ಬಾಗಿಲಮ್ಮ ಹಲ್ಲು ಕಡಿಯುತ್ತ ಎದ್ದು ಬಂದಳು. ಪಾಳಿ ಬದಲಿಸುವುದು ಬೇಡ ಎಂದು ಸಿಸ್ಟರಿಗೆ ಹೇಳಿದಳು. ಹೊರಗೆ ಬೆಂಚಿನಲ್ಲಿ ಕೂತು ಕೈ ಕೈ ಹಿಸುಕಿಕೊಳ್ಳುವುದಕ್ಕಿಂತ ಕೆಲಸದಲ್ಲಿರುವುದೇ ವಾಸಿ.

ದಿನ ತುಂಬಿದ ಮೇಲೆ ಒಂದು ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಮಗಳು ಬಂದಳು. ಗಂಡ ಚೀಲ ಹಿಡಿದಿದ್ದ, ಅತ್ತೆ ತೋಳು ಹಿಡಿದಿದ್ದಳು. ಬಂದವಳು ಮಗಳೇ ಆದರೂ ಬಾಗಿಲಮ್ಮನ ಮುಖ ಆಯಾಳದೇ. ಫಾರಂ ಮುಂದಿಟ್ಟು, "ಜೊತೆಗೆ ಯಾರು?" ಎಂದು ಕೇಳಿದಳು. ಎರಡು ತಿಂಗಳಲ್ಲಿ ಮನಸ್ಸು ತಿರುಗಿರಬಹುದು ಎಂಬ ಆಸೆ ಇನ್ನೂ ಇತ್ತು. ಮಗಳು ಪೆನ್ನು ತೆಗೆದುಕೊಂಡು, ನೋವಿಗೆ ಒಮ್ಮೆ ನಿಂತು, ಮತ್ತೆ ಬಗ್ಗಿ ಅತ್ತೆಯ ಹೆಸರನ್ನೇ ಬರೆದಳು.

ಹಸಿರು ಗೌನನ್ನು ಬೀಗಿತ್ತಿಗೆ ತೊಡಿಸಿ ಬೆನ್ನ ಹಿಂದೆ ದಾರ ಕಟ್ಟಬೇಕಾದವಳೂ ಬಾಗಿಲಮ್ಮನೇ. ದಾರವನ್ನು ಬೇಕಿದ್ದಕ್ಕಿಂತ ಬಿಗಿಯಾಗಿ ಎಳೆದಳು. "ಬಾಯಿ ಒಣಗಿದ್ರೆ ಒದ್ದೆ ಬಟ್ಟೆಯಿಂದ ತುಟಿ ಒರೆಸಿ. ಸೊಂಟ ನೋವು ಅಂದ್ರೆ ಅಂಗೈಯಲ್ಲಿ ಒತ್ತಿ. ಸಿಸ್ಟರ್ ಹೇಳೋವರೆಗೆ ಮುಕ್ಕಿ ತಿಣುಕೋಕೆ ಬಿಡಬೇಡಿ" ಎಂದು ಒಂದೇ ಉಸಿರಿಗೆ ಹೇಳಿದಳು.

ಬೀಗಿತ್ತಿ ತಿರುಗಿ, "ಹಿಂದೆ ನಿಂತು ಮಾತಾಡಿದ್ರೆ ನಂಗೆ ಗೊತ್ತಾಗಲ್ಲಮ್ಮ, ಮುಂದೆ ಬಂದು ಹೇಳು!" ಎಂದಳು. ವರಾಂಡದಲ್ಲಿದ್ದ ಹತ್ತು ಜನ ತಿರುಗಿ ನೋಡಿದರು. ಮುಂದೆ ಬಂದು ಹೇಳುವಷ್ಟರಲ್ಲಿ ಮಗಳು, "ಅತ್ತೆ, ಬನ್ನಿ" ಎಂದು ಒಳಗೆ ಕರೆದುಕೊಂಡು ಹೋಗಿದ್ದಳು.

ಹನ್ನೆರಡರ ಹೊತ್ತಿಗೆ ಒಬ್ಬ ಆಟೋದವನು ಇನ್ನೊಬ್ಬ ಹೆಂಗಸನ್ನು ತಂದು ಇಳಿಸಿದ. ಬಸ್ ನಿಲ್ದಾಣದಲ್ಲಿ ಕಸ ಗುಡಿಸುವವಳು; ಕೆಲಸದಲ್ಲಿದ್ದಾಗಲೇ ಬೇನೆ ಬಂದಿತ್ತು. ಗಂಡ ಲಾರಿಯ ಮೇಲೆ ದೂರ ಹೋಗಿದ್ದ. ಜೊತೆಗೆ ಯಾರೂ ಇಲ್ಲ. ಅವಳಿಗೆ ಸಿಕ್ಕಿದ್ದು ಖಾಲಿಯಿದ್ದ ಮೂರನೇ ಮಂಚ; ಪಕ್ಕದ ನಾಲ್ಕನೆಯದರಲ್ಲಿ ಮಗಳು.

"ಅವಳ ಜೊತೆ ನೀನಿರು. ಬಾಗಿಲಿಗೆ ಬೇರೆಯವಳನ್ನ ನಿಲ್ಲಿಸ್ತೀನಿ" ಎಂದರು ದೊಡ್ಡ ಸಿಸ್ಟರ್. ಆಮೇಲೆ ದನಿ ತಗ್ಗಿಸಿ, "ಪರದೆ ಈಚೆ ಮಾತ್ರ. ಮಾತು ಕೊಡು" ಎಂದರು.

ಬಾಗಿಲಮ್ಮ ತಲೆ ಆಡಿಸಿದಳು. ಆಡಿಸದೆ ಏನು ಮಾಡಿಯಾಳು?

ಹಾಗಾಗಿ ಅವಳು ಮೂರನೇ ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತಳು. ಬೆನ್ನ ಹಿಂದೆ ಒಂದು ನೀಲಿ ಪರದೆ. ಪರದೆಯ ಆಚೆ ಮಗಳು. ತಿರುಗಿ ನೋಡಿದರೆ ಪರದೆಯ ಕೆಳಗೆ ಬೀಗಿತ್ತಿಯ ಅಗಲ ಪಾದಗಳು ಕಾಣುತ್ತಿದ್ದವು. ಮಗಳ ಉಸಿರಿನ ಲಯ ಕೇಳಿಯೇ ನೋವು ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂದು ಬಾಗಿಲಮ್ಮನಿಗೆ ತಿಳಿಯುತ್ತಿತ್ತು. ಸೊಂಟ ಒತ್ತಬೇಕಾದ ಹೊತ್ತಿಗೆ ಬೀಗಿತ್ತಿಯ ಪಾದಗಳು ಅಲುಗುತ್ತಿರಲಿಲ್ಲ. "ಏನಂದೆ? ಮುಖ ಈ ಕಡೆ ಮಾಡಿ ಹೇಳು!" ಎಂಬ ಗಟ್ಟಿ ದನಿ ಕೇಳಿಸುತ್ತಿತ್ತು. ಬಾಗಿಲಮ್ಮನಿಗೆ ಪರದೆಯನ್ನು ಸರಕ್ಕನೆ ಎಳೆದು, ಆ ಪಾದಗಳನ್ನು ಪಕ್ಕಕ್ಕೆ ತಳ್ಳಿ, ತಾನೇ ಅಂಗೈ ಒತ್ತಿಬಿಡಬೇಕೆನಿಸುತ್ತಿತ್ತು. ಎರಡು ಸಲ ಎದ್ದೂ ನಿಂತಳು. ಎರಡು ಸಲವೂ ಕಸ ಗುಡಿಸುವವಳು ಅವಳ ಮಣಿಕಟ್ಟು ಹಿಡಿದು, "ಹೋಗಬೇಡಿ ಅಕ್ಕಾ" ಎಂದಳು. ಬಾಗಿಲಮ್ಮ ಕೂತು ಅವಳ ಸೊಂಟ ಒತ್ತಿದಳು. ಮಗಳಿಗೆ ಹೇಳಬೇಕಾದದ್ದನ್ನೆಲ್ಲ ಅವಳಿಗೆ ಹೇಳಿದಳು. "ಬಾಯಿಂದ ಉಸಿರು ಬಿಡವ್ವಾ. ಹಾಂ, ಹಾಗೆ. ಅವಸರ ಇಲ್ಲ. ನಾನಿಲ್ಲೇ ಇದೀನಿ."

ಒಂದೂವರೆಯ ಸುಮಾರಿಗೆ ಆಚೆ ಡಾಕ್ಟರು ಬಂದರು, ಟ್ರಾಲಿ ಸದ್ದಾಯಿತು. ಮಗಳು "ಅಮ್ಮಾ" ಎಂದು ಕೂಗಿದಳು.

ಆ ಕೂಗು ಯಾರನ್ನೂ ಕರೆಯುವುದಲ್ಲ ಎಂದು ಬಾಗಿಲಮ್ಮನಷ್ಟು ಬಲ್ಲವರು ಇನ್ನೊಬ್ಬರಿಲ್ಲ. ತಾಯಿ ಸತ್ತವರೂ ಹಾಗೇ ಕೂಗುತ್ತಾರೆ. ತಾಯಿಯ ಮುಖ ನೋಡದೆ ಹತ್ತು ವರ್ಷವಾದವರೂ ಕೂಗುತ್ತಾರೆ. ಅದು ನೋವಿನ ಸದ್ದು, ಅಷ್ಟೆ. ಇಷ್ಟೆಲ್ಲ ಗೊತ್ತಿದ್ದೂ ಅವಳ ಕೈ ಪರದೆಯ ಅಂಚನ್ನು ಹಿಡಿದಿತ್ತು. ಮತ್ತೊಮ್ಮೆ "ಅಮ್ಮಾ". ಮೇಲಿನ ಕಂಬಿಯಲ್ಲಿ ಪರದೆಯ ಬಳೆಗಳು ಕಿಣಿಕಿಣಿ ಅಂದವು. ಆಮೇಲೆ ಸದ್ದಿಲ್ಲ. ಬಾಗಿಲಮ್ಮ ಎಣಿಸಿದಳು. ಒಂದು, ಎರಡು, ಮೂರು, ನಾಲ್ಕು. ಐದಕ್ಕೆ ಮಗು ಅತ್ತಿತು. ಒಣಗಿದ, ಸಿಟ್ಟಿನ, ಚಿಕ್ಕ ಅಳು.

"ಹೆಣ್ಣು ಮಗು" ಎಂದರು ಯಾರೋ.

ಬಾಗಿಲಮ್ಮ ಪರದೆ ಬಿಟ್ಟು ಕಣ್ಣೊರೆಸಿಕೊಳ್ಳಲು ನೋಡಿದಳು. ಬಲಗೈಯನ್ನು ಕಸ ಗುಡಿಸುವವಳು ಹಿಡಿದುಕೊಂಡಿದ್ದಳು. ಎಡಗೈಯ ಹಿಂಬದಿಯಿಂದ ಒರೆಸಿಕೊಂಡಳು.

ಎರಡು ಗಂಟೆಗೆ ಪಾಳಿ ಮುಗಿಯಿತು. ಆದರೆ ಕಸ ಗುಡಿಸುವವಳು ಕೈ ಬಿಟ್ಟರೆ ತಾನೇ? ಮಗಳನ್ನು ಪಕ್ಕದ ವಾರ್ಡಿಗೆ ಒಯ್ದರು. ಅಳಿಯ ಬಾಗಿಲ ಕಿಂಡಿಯಿಂದಲೇ ಮಗುವನ್ನು ನೋಡಿಯಾಗಿತ್ತು. ಅವನ ಅಂಗಡಿಯ ಪಕ್ಕದ ಸೈಕಲ್ ರಿಪೇರಿಯವನೂ ನೋಡಿದ. ಅವನ ಹೆಂಡತಿಯೂ ನೋಡಿದಳು. ಸ್ವಂತ ಅಜ್ಜಿ ಮಾತ್ರ ಮೂರನೇ ಮಂಚದ ಪಕ್ಕ ಕೂತೇ ಇದ್ದಳು. ಮೂರಕ್ಕೆ ಹತ್ತು ನಿಮಿಷವಿರುವಾಗ ಕಸ ಗುಡಿಸುವವಳಿಗೆ ಗಂಡು ಮಗು ಹುಟ್ಟಿತು. ಅದನ್ನು ಒರೆಸಿ, ಸುತ್ತಿ, ತಾಯಿಯ ಎದೆಗೆ ಕೊಟ್ಟ ಮೇಲೆಯೇ ಬಾಗಿಲಮ್ಮನ ಕೈ ಬಿಡುಗಡೆಯಾಯಿತು. ಮಣಿಕಟ್ಟಿನಲ್ಲಿ ನಾಲ್ಕು ಉಗುರಿನ ಗುರುತು.

ವರಾಂಡದಲ್ಲಿ ಬೀಗಿತ್ತಿ ಬೆಂಚಿನ ಮೇಲೆ ಕೂತಿದ್ದಳು. ಹಸಿರು ಗೌನು ಇನ್ನೂ ಮೈಮೇಲೇ ಇತ್ತು. ಬಾಗಿಲಮ್ಮನನ್ನು ನೋಡಿದ ತಕ್ಷಣ ಅತ್ತುಬಿಟ್ಟಳು.

"ಈ ಸಲ ಕಣ್ಣು ಮುಚ್ಚಲಿಲ್ಲಮ್ಮ. ಎಲ್ಲಾ ನೋಡ್ದೆ. ತಲೆ ಬಂತು, ಆಮೇಲೆ ಒಂದು ಕೈ ಬಂತು. ಆದ್ರೆ ತಕ್ಷಣ ಅತ್ತಿತೋ ಇಲ್ವೋ ಗೊತ್ತಾಗಲಿಲ್ಲ. ಬಾಯಿ ತೆರೆದಿದ್ದು ಕಂಡಿತು, ಸದ್ದು ಕೇಳಿಸಲಿಲ್ಲ. ಚೆನ್ನಾಗಿ ಅತ್ತಿತಾ?"

ಬಾಗಿಲಮ್ಮ ಅವಳ ಎದುರು ಕುಕ್ಕರಗಾಲಲ್ಲಿ ಕೂತು, ತುಟಿ ಕಾಣುವ ಹಾಗೆ, "ಅತ್ತಿತು. ಚೆನ್ನಾಗೇ ಅತ್ತಿತು" ಎಂದಳು. ಆಮೇಲೆ ಬೆನ್ನ ಹಿಂದೆ ಕೈಹಾಕಿ ಗೌನಿನ ದಾರ ಬಿಚ್ಚಿದಳು. ಬಿಗಿದ ಗಂಟು ಬಿಡಿಸಲು ಹಲ್ಲು ಉಪಯೋಗಿಸಬೇಕಾಯಿತು.

ಮಗಳು ದಿಂಬಿಗೆ ಒರಗಿದ್ದಳು. ಮಗು ಪಕ್ಕದಲ್ಲಿ ಮಲಗಿತ್ತು. ಬಾಗಿಲಮ್ಮ ಅದನ್ನು ಎತ್ತಿಕೊಂಡು, ಬೆರಳು, ಕಿವಿ, ಪಾದ ಎಲ್ಲ ನೋಡಿ, ಸುತ್ತಿದ ಬಟ್ಟೆ ಸರಿಯಿಲ್ಲವೆಂದು ಬಿಚ್ಚಿ ಮತ್ತೆ ಸುತ್ತಿ ಮಗಳ ಕೈಗೆ ಕೊಟ್ಟಳು. 

"ನೀನು ಪಕ್ಕದಲ್ಲೇ ಇದ್ದೆ ಅಂತ ಗೊತ್ತಿತ್ತು" ಎಂದಳು ಮಗಳು. "ನಿನ್ನ ದನಿ ಕೇಳಿಸ್ತಿತ್ತು."

"ಆ ಹೆಂಗಸಿಗೆ ಯಾರೂ ಇರಲಿಲ್ಲ. ಸಿಸ್ಟರ್ ಕೂರು ಅಂದ್ರು, ಕೂತೆ."

"ಎಷ್ಟು ಮೆತ್ತಗೆ ಮಾತಾಡ್ತಿದ್ದೆ ಅವಳ ಹತ್ರ. ಅವಸರ ಇಲ್ಲ, ನಾನಿಲ್ಲೇ ಇದೀನಿ ಅಂತ. ನಂಗ್ಯಾವತ್ತೂ ನೀನು ಹಾಗೆ ಮಾತಾಡಿಲ್ಲ, ಅಮ್ಮ."

ಬಾಗಿಲಮ್ಮನಿಗೆ ಕೆನ್ನೆಗೆ ಬಾರಿಸಿದ ಹಾಗಾಯಿತು. ಒರಟಾಗಿ ಮಾತಾಡಿದರೂ ತಪ್ಪು, ಮೆತ್ತಗೆ ಮಾತಾಡಿದರೂ ತಪ್ಪು. ಅದನ್ನೆಲ್ಲ ನಿನಗೇ ಹೇಳುತ್ತಿದ್ದೆ ಕಣೇ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಆದರೆ ಅದೂ ಪೂರ್ತಿ ನಿಜವಲ್ಲ. ನಡುವೆ ಎಲ್ಲೋ ಅವಳು ಆ ಹೆಂಗಸಿಗಾಗಿಯೇ ಮಾತಾಡತೊಡಗಿದ್ದಳು. ಒಂಟಿಯಾಗಿ ಬಂದವಳ ಮೇಲೆ ಸಿಟ್ಟು ಬರುವಂಥದ್ದು ಏನೂ ಇರಲಿಲ್ಲ. ಸ್ವಂತ ಮಗಳೆಂದರೆ ಎಲ್ಲಿ ಏನಾಗಿಬಿಡುತ್ತದೋ ಎಂಬ ಹೆದರಿಕೆಗೇ ದನಿ ಏರುತ್ತದೆ. ಇಪ್ಪತ್ತೆಂಟು ವರ್ಷದಿಂದ ಏರಿದ್ದು ಇಳಿದಿಲ್ಲ. ಇದನ್ನು ಹೇಗೆ ಹೇಳುವುದು? ಹೇಳಲು ಹೊರಟರೆ ಅದೂ ಗದರಿದ ಹಾಗೇ ಕೇಳಿಸೀತು.

"ಮಗೂಗೆ ಹಾಲು ಕೊಟ್ಯಾ? ಹಾಗೆ ಹಿಡೀಬಾರ್ದು, ಕತ್ತು ನೋಡು, ಕತ್ತು!" ಎಂದಳು.

ಮಗಳು ಕಣ್ಣು ಮುಚ್ಚಿಕೊಂಡಳು. ನಕ್ಕಳೋ ಸಿಟ್ಟಾದಳೋ ತಿಳಿಯಲಿಲ್ಲ.

ಆಮೇಲೆ ಬಾಗಿಲಮ್ಮ ದಿನಾ ಪಾಳಿ ಮುಗಿಸಿ ಮಗಳ ಮನೆಗೆ ಹೋದಳು, ಮಗುವಿನ ಬಟ್ಟೆ ಒಗೆದಳು, ಬೀಗಿತ್ತಿಯ ಜೊತೆ ತುಟಿ ಅಗಲಿಸಿ ಹರಟೆ ಹೊಡೆದಳು. ಒಂದೆರಡು ಸಲ ಮಗಳ ಹತ್ತಿರ ಮೆತ್ತಗೆ ಮಾತಾಡಿಯೂ ನೋಡಿದಳು. "ಯಾಕಮ್ಮ, ಹುಷಾರಿಲ್ವಾ?" ಎಂದು ಮಗಳು ಹಣೆ ಮುಟ್ಟಿ ನೋಡಿದ ಮೇಲೆ ಆ ಪ್ರಯತ್ನ ಕೈಬಿಟ್ಟಳು. ವಾರ್ಡಿನ ಬಾಗಿಲಲ್ಲಿ ಅವಳು ಮೃದುವಾದಳೇ ಎಂದರೆ ಅದೂ ಇಲ್ಲ. ಫಾರಂನಲ್ಲಿ ಹೆಸರು ಬೀಳದ ಅಮ್ಮಂದಿರು ಅತ್ತರೆ ಅವಳಿಗೆ ಮೊದಲಿಗಿಂತ ಹೆಚ್ಚು ಸಿಟ್ಟು ಬರುತ್ತಿತ್ತು.

ಕಳೆದ ವರ್ಷ ಅವಳಿಗೆ ನಿವೃತ್ತಿಯಾಯಿತು. ಅಷ್ಟರಲ್ಲಿ ಆಸ್ಪತ್ರೆಯವರು ಪರದೆಗಳನ್ನು ತೆಗೆದು ಬೇರೆ ಬೇರೆ ಕೋಣೆ ಕಟ್ಟಿಸಿದರು. ಈಗ ಒಬ್ಬಳ ಜೊತೆ ಇಬ್ಬರು ಇರಬಹುದು, ಗಂಡನೂ ಬರಬಹುದು. ಮಗಳು ಮತ್ತೆ ಬಸುರಿ. ಈ ಸಲ ತಾನಿರಲೇಬೇಕೆಂದು ಅಳಿಯ ಹಟ ಹಿಡಿದಿದ್ದಾನೆ. ಬೀಗಿತ್ತಿಗೂ ಈಗ ಧೈರ್ಯ ಬಂದಿದೆ; ಹೋದ ಸಲ ಎಲ್ಲ ನೋಡಿದ್ದನ್ನು ಬೀದಿಯವರಿಗೆಲ್ಲ ಹೇಳಿಕೊಂಡು ತಿರುಗುತ್ತಾಳೆ. ಜಾಗ ಎರಡು, ಆಸೆ ಪಟ್ಟವರು ಮೂವರು. ಇನ್ನೂ ನಾಲ್ಕು ತಿಂಗಳಿದೆ. ಮಗಳು ಏನೂ ಹೇಳಿಲ್ಲ. ಬಾಗಿಲಮ್ಮನೂ ಕೇಳಿಲ್ಲ. ಸಂಜೆ ಸಂಜೆ ಅವಳ ಮನೆಗೆ ಹೋಗುತ್ತಾಳೆ, ಮೊಮ್ಮಗಳ ತಲೆ ಬಾಚುತ್ತಾಳೆ, ಮಗಳ ಮುಖವನ್ನೇ ನೋಡುತ್ತ ಅರ್ಧ ಗಂಟೆ ಕೂರುತ್ತಾಳೆ. ಆಮೇಲೆ ಯಾವುದೋ ಪಾತ್ರೆ ಸರಿಯಾಗಿ ತೊಳೆದಿಲ್ಲವೆಂದು ಗೊಣಗಿ, ಸಿಡುಕಿಕೊಂಡೇ ಮನೆಗೆ ಬರುತ್ತಾಳೆ.